ಬಹು-ಏಜೆಂಟ್ ತಂತ್ರಾಂಶ ವ್ಯವಸ್ಥೆಗಳ ಅನ್ವಯಗಳು

ಬಹು-ಏಜೆಂಟ್ ತಂತ್ರಾಂಶ ವ್ಯವಸ್ಥೆ ಎಂದರೆ ಸುತ್ತಲಿನ ಸ್ಥಿತಿಯನ್ನು ತಾವೇ ಗ್ರಹಿಸಿ, ತಮಗೆ ಒಪ್ಪಿಸಿದ ಗುರಿಗೆ ತಕ್ಕಂತೆ ತಾವೇ ತೀರ್ಮಾನಿಸಬಲ್ಲ ಹಲವು ತಂತ್ರಾಂಶ ಘಟಕಗಳು ಸಂದೇಶ, ಹರಾಜು, ಒಪ್ಪಂದ ಇಲ್ಲವೆ ಸ್ಪರ್ಧೆಯ ಮೂಲಕ ಒಂದು ಕೆಲಸವನ್ನು ನಡೆಸುವ ಗಣಕ ವ್ಯವಸ್ಥೆ. ಇಂಥ ಪ್ರತಿಯೊಂದು ಘಟಕಕ್ಕೂ ಏಜೆಂಟ್ ಎಂದು ಹೆಸರು. ಏಜೆಂಟ್ ಬರೀ ತಂತ್ರಾಂಶವಾಗಿರಬಹುದು, ರೋಬಾಟ್ ಒಂದರ ನಿಯಂತ್ರಕವಾಗಿರಬಹುದು ಅಥವಾ ಅನುಕರಣೆಯೊಳಗಿನ ಒಬ್ಬ ಕಲ್ಪಿತ ವ್ಯಕ್ತಿಯಾಗಿರಬಹುದು. ಕಾರ್ಖಾನೆ, ಉಗ್ರಾಣ, ವಿದ್ಯುತ್ ಜಾಲ, ರಸ್ತೆ ಸಿಗ್ನಲ್, ವಿಮಾನ ನಿಲ್ದಾಣದ ಕಾವಲು, ಷೇರು ಮಾರುಕಟ್ಟೆ, ಸಾಂಕ್ರಾಮಿಕ ರೋಗಗಳ ಅಧ್ಯಯನ, ಚಲನಚಿತ್ರ ಮತ್ತು ರಕ್ಷಣಾ ಕ್ಷೇತ್ರಗಳಲ್ಲಿ ಇವುಗಳ ಬಳಕೆ ಇದೆ.

ಹಲವು ಗಣಕಗಳಲ್ಲಿ ಹಂಚಿ ನಡೆಯುವ ಎಲ್ಲ ತಂತ್ರಾಂಶವೂ ಈ ವರ್ಗಕ್ಕೆ ಸೇರುವುದಿಲ್ಲ. ಬ್ಯಾಂಕಿನ ಸರ್ವರ್‌ಗಳು ನೂರಾರಿದ್ದರೂ ಅವು ನಡೆಯುವುದು ಒಂದೇ ನಿಯಮಾವಳಿಯಂತೆ. ಒಂದು ಸರ್ವರ್ ಇನ್ನೊಂದರ ಕೋರಿಕೆಯನ್ನು ತನ್ನದೇ ಗುರಿ ನೋಡಿ ನಿರಾಕರಿಸುವ ಪ್ರಶ್ನೆ ಬರುವುದಿಲ್ಲ. ಏಜೆಂಟ್‌ಗೆ ಆ ಅವಕಾಶ ಇದೆ. ತೀರ್ಮಾನಿಸುವ ಅಧಿಕಾರ ಎಲ್ಲಿ ಹಂಚಿಹೋಗಿದೆ, ಭಿನ್ನ ತೀರ್ಮಾನಗಳು ಯಾವ ವಿಧಾನದಿಂದ ಹೊಂದಿಕೆಗೆ ಬರುತ್ತವೆ ಎಂಬ ಎರಡು ಪ್ರಶ್ನೆಗಳಿಂದ ಒಂದು ವ್ಯವಸ್ಥೆ ಈ ವರ್ಗಕ್ಕೆ ಎಷ್ಟರಮಟ್ಟಿಗೆ ಸೇರುತ್ತದೆ ಎಂಬುದನ್ನು ಅಳೆಯಬಹುದು.

ಉಗಮ

ಈ ಶಾಖೆಯ ಬೇರುಗಳು 1970ರ ದಶಕದ ಅಮೆರಿಕದಲ್ಲಿವೆ. 1973ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕಾರ್ಲ್ ಹೆವಿಟ್ ಮತ್ತು ಸಂಗಡಿಗರು ಆಕ್ಟರ್ ಮಾದರಿಯನ್ನು ಮುಂದಿಟ್ಟರು. ಸ್ವಂತ ಸ್ಥಿತಿಯುಳ್ಳ, ಸಂದೇಶಗಳ ಮೂಲಕ ಮಾತ್ರ ಒಂದನ್ನೊಂದು ತಲುಪಬಲ್ಲ ಘಟಕಗಳಿಂದಲೇ ಇಡೀ ಗಣನೆಯನ್ನು ಕಟ್ಟಬಹುದು ಎಂಬುದು ಅದರ ತಿರುಳು. ಅದೇ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಹಿಯರ್‌ಸೇ-2 ಎಂಬ ಮಾತು ಗ್ರಹಿಸುವ ವ್ಯವಸ್ಥೆಯಲ್ಲಿ ಧ್ವನಿ, ಪದ, ವಾಕ್ಯ ಇವುಗಳನ್ನು ಬಲ್ಲ ಬೇರೆ ಬೇರೆ ಜ್ಞಾನಘಟಕಗಳು ತಮ್ಮ ಊಹೆಗಳನ್ನು ಕಪ್ಪುಹಲಗೆ ಎಂದು ಕರೆದ ಒಂದು ಸಾಮಾನ್ಯ ಸ್ಮೃತಿಯಲ್ಲಿ ಬರೆದು, ಇತರರ ಊಹೆಗಳನ್ನು ತಿದ್ದುತ್ತಿದ್ದವು.

1980ರಲ್ಲಿ ಹಂಚಿಕೆಯ ಕೃತಕ ಬುದ್ಧಿಮತ್ತೆಯ ಮೊದಲ ಕಾರ್ಯಗೋಷ್ಠಿ ನಡೆಯಿತು. ರೀಡ್ ಸ್ಮಿತ್ ಕೆಲಸ ಹಂಚಿಕೆಗೆ ರೂಪಿಸಿದ ತಮ್ಮ ಕಾಂಟ್ರಾಕ್ಟ್ ನೆಟ್ ವಿಧಾನವನ್ನು ಪ್ರಕಟಿಸಿದ್ದೂ ಅದೇ ವರ್ಷ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿಕ್ಟರ್ ಲೆಸರ್ ತಂಡ, ಅಲ್ಲಲ್ಲಿ ಹರಡಿದ ಸಂವೇದಕಗಳು ತಮಗೆ ದೊರೆತ ಅರೆಬರೆ ಮಾಹಿತಿಯನ್ನು ಕೂಡಿಸಿ ವಾಹನಗಳ ಜಾಡು ಹಿಡಿಯುವ ಪ್ರಯೋಗವನ್ನು 1980ರ ದಶಕದಲ್ಲಿ ನಡೆಸಿತು. 1986ರಲ್ಲಿ ರಾಡ್ನಿ ಬ್ರೂಕ್ಸ್, ಸರಳ ಪ್ರತಿಕ್ರಿಯೆಗಳನ್ನು ಪದರಪದರವಾಗಿ ಜೋಡಿಸಿಯೇ ರೋಬಾಟನ್ನು ನಡೆಸಬಹುದೆಂದು ತೋರಿಸಿದರು. ಮರುವರ್ಷ ತತ್ತ್ವಶಾಸ್ತ್ರಜ್ಞ ಮೈಕೆಲ್ ಬ್ರಾಟ್‌ಮನ್ ಮನುಷ್ಯನ ಸಂಕಲ್ಪವನ್ನು ಕುರಿತು ಬರೆದ ಗ್ರಂಥ ಹೊರಬಂದಿತು. ಅದರ ಆಧಾರದ ಮೇಲೆ ಆನಂದ್ ರಾವ್ ಮತ್ತು ಮೈಕೆಲ್ ಜಾರ್ಜೆಫ್ ಮೆಲ್ಬರ್ನ್‌ನಲ್ಲಿ ನಂಬಿಕೆ-ಬಯಕೆ-ಸಂಕಲ್ಪ ಮಾದರಿಗೆ ಗಣಕರೂಪ ಕೊಟ್ಟರು.

ಏಜೆಂಟ್‌ನ ಲಕ್ಷಣಗಳಿಗೆ ಇಂದಿಗೂ ಆಧಾರವಾಗಿ ಎತ್ತಿಕೊಳ್ಳುವುದು ಮೈಕೆಲ್ ವೂಲ್ಡ್ರಿಜ್ ಮತ್ತು ನಿಕೋಲಸ್ ಜೆನಿಂಗ್ಸ್ 1995ರಲ್ಲಿ ಬರೆದ ಸಮೀಕ್ಷಾ ಲೇಖನವನ್ನು. ಸ್ವಾಯತ್ತತೆ, ಇತರರೊಡನೆ ವ್ಯವಹರಿಸುವ ಶಕ್ತಿ, ಪರಿಸರದ ಬದಲಾವಣೆಗೆ ಪ್ರತಿಕ್ರಿಯೆ, ಗುರಿಯತ್ತ ತಾನಾಗಿ ಮುಂದಡಿ ಇಡುವುದು, ಈ ನಾಲ್ಕನ್ನು ಅವರು ಹೆಸರಿಸಿದರು. 1996ರಲ್ಲಿ ಏಜೆಂಟ್‌ಗಳ ಮಾತುಕತೆಗೆ ಮಾನಕ ರೂಪಿಸಲು ಫಿಪಾ ಎಂಬ ಒಕ್ಕೂಟ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾಯಿತು. ಬಿಡಿಬಿಡಿಯಾಗಿ ನಡೆಯುತ್ತಿದ್ದ ಮೂರು ವಿದ್ವತ್ ಸಮಾವೇಶಗಳು ಒಂದುಗೂಡಿ 2002ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಆಮಾಸ್ ಸಮ್ಮೇಳನ ಮೊದಲ ಬಾರಿ ಸೇರಿತು.

ರಚನೆ

ಏಜೆಂಟ್‌ನ ಒಳಗೆ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಮಾಹಿತಿ ಬರುವ ದಾರಿ, ತೀರ್ಮಾನದ ಯಂತ್ರ, ಕ್ರಿಯೆ ಹೊರಡುವ ದಾರಿ. ನಂಬಿಕೆ-ಬಯಕೆ-ಸಂಕಲ್ಪ ಮಾದರಿಯಲ್ಲಿ ನಂಬಿಕೆ ಎಂದರೆ ಲೋಕದ ಬಗ್ಗೆ ಏಜೆಂಟ್‌ಗೆ ಸದ್ಯ ಇರುವ ಮಾಹಿತಿ, ಅದು ತಪ್ಪಾಗಿರಲೂಬಹುದು. ಬಯಕೆ ಎಂದರೆ ತಲುಪಬೇಕಾದ ಸ್ಥಿತಿಗಳು. ಅವುಗಳಲ್ಲಿ ಕೈಗೆತ್ತಿಕೊಂಡು ಯೋಜನೆ ಹಾಕಿದ್ದು ಸಂಕಲ್ಪ. ಕೈಗೊಂಡ ಸಂಕಲ್ಪವನ್ನು ಯಾವಾಗ ಕೈಬಿಡಬೇಕು ಎಂಬುದು ಈ ಮಾದರಿಯ ಸೂಕ್ಷ್ಮವಾದ ಭಾಗ. ಬೇಗ ಬಿಟ್ಟರೆ ಯಾವ ಕೆಲಸವೂ ಮುಗಿಯುವುದಿಲ್ಲ, ಬಿಡದೇ ಹೋದರೆ ಸ್ಥಿತಿ ಬದಲಾದ ಮೇಲೂ ಹಳೆಯ ಯೋಜನೆಗೇ ಅಂಟಿಕೊಂಡಂತಾಗುತ್ತದೆ.

ಏಜೆಂಟ್‌ಗಳ ನಡುವಿನ ಸಂದೇಶಕ್ಕೆ ಒಂದು ಉದ್ದೇಶವೂ ಲಗತ್ತಾಗಿರುತ್ತದೆ: ತಿಳಿಸು, ಕೇಳು, ಪ್ರಸ್ತಾಪಿಸು, ಒಪ್ಪು, ನಿರಾಕರಿಸು ಇತ್ಯಾದಿ. ಫಿಪಾ ಇಂಥ ಇಪ್ಪತ್ತಕ್ಕೂ ಹೆಚ್ಚು ಸಂವಹನ ಕ್ರಿಯೆಗಳನ್ನು ಮಾನಕಗೊಳಿಸಿತು. ಆ ಮಾನಕವನ್ನು ಅನುಸರಿಸಿ ಟೆಲಿಕಾಂ ಇಟಾಲಿಯಾ ಜಾವಾ ಭಾಷೆಯಲ್ಲಿ ರೂಪಿಸಿದ ಜೇಡ್ ವೇದಿಕೆ ದೀರ್ಘಕಾಲ ಬಳಕೆಯಲ್ಲಿ ಉಳಿಯಿತು.

ಹೊಂದಾಣಿಕೆಗೆ ಹಲವು ವಿಧಾನಗಳಿವೆ. ಕಾಂಟ್ರಾಕ್ಟ್ ನೆಟ್ ನಡೆಯುವುದು ಲೋಕೋಪಯೋಗಿ ಇಲಾಖೆಯ ಟೆಂಡರಿನಂತೆ: ಕೆಲಸವಿರುವ ಏಜೆಂಟ್ ಪ್ರಕಟಣೆ ಹೊರಡಿಸುತ್ತದೆ, ಮಾಡಬಲ್ಲವು ತಮ್ಮ ವೆಚ್ಚವನ್ನು ನಮೂದಿಸುತ್ತವೆ, ಒಂದಕ್ಕೆ ಕೆಲಸ ಒಪ್ಪಿಸಲಾಗುತ್ತದೆ, ಅದು ಆ ಕೆಲಸವನ್ನು ಇನ್ನೊಂದಕ್ಕೆ ಒಳಗುತ್ತಿಗೆಯಾಗಿ ಕೊಡಲೂಬಹುದು. ಹರಾಜು, ಪರಸ್ಪರ ನಿರ್ಬಂಧಗಳ ಪರಿಹಾರ, ಮತದಾನ, ಆಟದ ಸಿದ್ಧಾಂತದ ಸಮತೋಲನ ಮತ್ತು ಅನುಭವದಿಂದ ಕಲಿಯುವ ಬಹು-ಏಜೆಂಟ್ ಪ್ರಬಲನ ಕಲಿಕೆ ಇತರ ವಿಧಾನಗಳು. ಏಜೆಂಟ್‌ಗಳು ನಿಜ ಹೇಳುವುದೇ ಅವುಗಳಿಗೆ ಲಾಭವಾಗುವಂತೆ ಹರಾಜಿನ ನಿಯಮಗಳನ್ನು ಕಟ್ಟುವ ವಿದ್ಯೆಗೆ ಯಾಂತ್ರಿಕತೆಯ ವಿನ್ಯಾಸ ಎಂದು ಹೆಸರು. ಭಾರತದಲ್ಲಿ ಈ ವಿಷಯದ ಅಧ್ಯಯನಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ನರಹರಿ ಅವರ ಪ್ರಯೋಗಾಲಯ ಮತ್ತು 2014ರಲ್ಲಿ ಪ್ರಕಟವಾದ ಅವರ ಪಠ್ಯಗ್ರಂಥ ನೆಲೆ ಒದಗಿಸಿದವು.

ವಿಧಗಳು

ಉದ್ದೇಶದ ದೃಷ್ಟಿಯಿಂದ ಸಹಕಾರಿ, ಸ್ಪರ್ಧಾತ್ಮಕ ಮತ್ತು ಮಿಶ್ರ ಎಂದು ಮೂರು ವಿಧ. ಒಂದೇ ಕಂಪನಿಯ ಉಗ್ರಾಣದ ರೋಬಾಟ್‌ಗಳು ಸಹಕಾರಿ. ಷೇರು ಪೇಟೆಯ ಖರೀದಿ ತಂತ್ರಾಂಶಗಳು ಸ್ಪರ್ಧಿಗಳು. ವಿದ್ಯುತ್ ಜಾಲಕ್ಕೆ ಸೇರಿದ ಮನೆಗಳು ಎರಡೂ ಹೌದು. ಬಳಕೆಯ ದೃಷ್ಟಿಯಿಂದ ನಿಜಲೋಕದ ಯಂತ್ರಗಳನ್ನು ನಡೆಸುವ ವ್ಯವಸ್ಥೆಗಳು ಹಾಗೂ ನಿಜಲೋಕವನ್ನು ಗಣಕದಲ್ಲಿ ಅನುಕರಿಸುವ ವ್ಯವಸ್ಥೆಗಳು ಎಂಬ ವಿಂಗಡಣೆ ಇದೆ. ಎರಡನೆಯ ಬಗೆಗೆ ಏಜೆಂಟ್ ಆಧಾರಿತ ಮಾದರಿ ಎಂದೇ ಪ್ರತ್ಯೇಕ ಹೆಸರಿದ್ದು, ಅದರ ವಿದ್ವತ್ ಪರಂಪರೆ ಬಹುಮಟ್ಟಿಗೆ ಸ್ವತಂತ್ರವಾಗಿ ಬೆಳೆದಿದೆ.

ಅನ್ವಯಗಳು: ಕಾರ್ಖಾನೆ

ಕಾರ್ಖಾನೆಗಳಲ್ಲಿ ಈ ವಿಧಾನ ಕಾಲಿಟ್ಟದ್ದು ಯಂತ್ರ ಕೆಡುವುದು ಮತ್ತು ಬೇಡಿಕೆ ಬದಲಾಗುವುದು ಎಂಬ ಎರಡು ದಿನನಿತ್ಯದ ತೊಂದರೆಗಳಿಂದ. 1990ರ ದಶಕದ ಆರಂಭದಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿರುವ ಜನರಲ್ ಮೋಟರ್ಸ್ ಟ್ರಕ್ ಕಾರ್ಖಾನೆಯಲ್ಲಿ ಬಣ್ಣ ಹಚ್ಚುವ ಕೊಠಡಿಗಳೇ ಬರುವ ಟ್ರಕ್‌ಗಳಿಗೆ ಬಿಡ್ ಮಾಡುವ ವ್ಯವಸ್ಥೆಯನ್ನು ಡಿಕ್ ಮಾರ್ಲಿ ರೂಪಿಸಿದರು. ಕೊಠಡಿಯಲ್ಲಿ ಈಗಾಗಲೇ ಯಾವ ಬಣ್ಣ ತುಂಬಿದೆ ಎಂಬುದು ಬಿಡ್‌ನಲ್ಲಿ ಲೆಕ್ಕಕ್ಕೆ ಬರುತ್ತಿದ್ದುದರಿಂದ, ಬಣ್ಣ ಬದಲಿಸಲು ಕೊಳವೆ ತೊಳೆಯುವಾಗ ಪೋಲಾಗುತ್ತಿದ್ದ ಬಣ್ಣ ಉಳಿಯಿತು.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಡೈಮ್ಲರ್-ಕ್ರೈಸ್ಲರ್ ಸುಮಾರು 2000ದ ಹೊತ್ತಿಗೆ ಎಂಜಿನ್ನಿನ ಸಿಲಿಂಡರ್ ಹೆಡ್ ತಯಾರಿಕೆಯಲ್ಲಿ ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿ ಪ್ರತಿಯೊಂದು ಬಿಡಿಭಾಗಕ್ಕೆ, ಪ್ರತಿಯೊಂದು ಯಂತ್ರಕ್ಕೆ ಮತ್ತು ಸಾಗಣೆ ಪಟ್ಟಿಯ ಪ್ರತಿ ಕವಲಿಗೆ ಒಂದೊಂದು ಏಜೆಂಟ್ ಇತ್ತು. ಬಿಡಿಭಾಗದ ಏಜೆಂಟ್ ತನಗಾಗಬೇಕಾದ ಕೆಲಸವನ್ನು ಹರಾಜಿಗಿಡುತ್ತಿತ್ತು. ಮುಂದಿನ ಹಂತ ತುಂಬಿಹೋದ ಯಂತ್ರ ಬಿಡ್ ಮಾಡದೆ ಸುಮ್ಮನಿರುತ್ತಿತ್ತು. ದಟ್ಟಣೆಯ ಸುದ್ದಿಯನ್ನು ಯಾರೂ ಪ್ರತ್ಯೇಕವಾಗಿ ಹರಡಬೇಕಿರಲಿಲ್ಲ, ಬಿಡ್ ಬಾರದಿರುವುದೇ ಸುದ್ದಿ. ಯಾವುದಾದರೂ ಯಂತ್ರ ನಿಂತರೂ ಸಾಲು ಪೂರ್ತಿ ನಿಲ್ಲದಿದ್ದುದು ಅದರ ಮುಖ್ಯ ಲಾಭ. ಇಷ್ಟಾದರೂ ಇಂಥ ವ್ಯವಸ್ಥೆಗಳು ಕಾರ್ಖಾನೆಗಳಲ್ಲಿ ವ್ಯಾಪಕವಾಗಿ ಹರಡಲಿಲ್ಲ. ಬಿಡಿ ಏಜೆಂಟ್‌ಗಳ ನಡೆಯಿಂದ ಒಟ್ಟು ಉತ್ಪಾದನೆ ಇಷ್ಟೇ ಬರುತ್ತದೆ ಎಂದು ಮೊದಲೇ ಖಾತರಿ ಕೊಡುವುದು ಕಷ್ಟ. ಆ ಖಾತರಿಯೇ ಕಾರ್ಖಾನೆಯ ವ್ಯವಸ್ಥಾಪಕರಿಗೆ ಬೇಕಾದದ್ದು.

ಉಗ್ರಾಣ ಮತ್ತು ಸಾಗಣೆ

ವಾಣಿಜ್ಯ ದೃಷ್ಟಿಯಿಂದ ಅತಿ ಹೆಚ್ಚು ಹರಡಿದ ಉದಾಹರಣೆ ಕೀವಾ ಸಿಸ್ಟಮ್ಸ್‌ನದು. 2003ರಲ್ಲಿ ಮಿಕ್ ಮೌಂಟ್ಜ್ ಆರಂಭಿಸಿದ ಈ ಕಂಪನಿಯ ತಾಂತ್ರಿಕ ಬುನಾದಿ ಹಾಕಿದವರಲ್ಲಿ ಪೀಟರ್ ವರ್ಮನ್ ಮತ್ತು ರಫಾಯೆಲೊ ಡಿ'ಆಂಡ್ರಿಯಾ ಪ್ರಮುಖರು. ಹಳೆಯ ಪದ್ಧತಿಯ ಉಗ್ರಾಣದಲ್ಲಿ ಕೆಲಸಗಾರರು ಕಪಾಟಿನಿಂದ ಕಪಾಟಿಗೆ ನಡೆದು ಸರಕು ಆರಿಸುತ್ತಾರೆ. ಕೀವಾ ಪದ್ಧತಿಯಲ್ಲಿ ಕೆಲಸಗಾರ ನಿಂತಲ್ಲೇ ನಿಲ್ಲುತ್ತಾನೆ. ಕುಳ್ಳಗಿನ ಚಕ್ರದ ರೋಬಾಟ್‌ಗಳು ಕಪಾಟಿನ ಅಡಿಗೆ ನುಸುಳಿ, ಅದನ್ನು ಎತ್ತಿ, ಅವನ ಮುಂದೆ ತಂದು ನಿಲ್ಲಿಸುತ್ತವೆ. ನೆಲದಲ್ಲಿ ಚೌಕಳಿಯಾಗಿ ಅಂಟಿಸಿದ ಗುರುತುಗಳನ್ನು ಕೆಳಮುಖದ ಕ್ಯಾಮೆರಾದಿಂದ ಓದಿ ರೋಬಾಟ್ ತಾನಿರುವ ಜಾಗವನ್ನು ತಿಳಿಯುತ್ತದೆ.

ಇಲ್ಲಿನ ತಂತ್ರಾಂಶದಲ್ಲಿ ಮೂರು ಬಗೆಯ ಏಜೆಂಟ್‌ಗಳಿವೆ. ರೋಬಾಟ್ ಏಜೆಂಟ್ ತನ್ನ ದಾರಿಯನ್ನು ತಾನೇ ಹುಡುಕಿ ಚಲನೆಯನ್ನು ನಿಯಂತ್ರಿಸುತ್ತದೆ. ಕೆಲಸಗಾರನ ಮುಂದಿನ ಕಟ್ಟೆಗೆ ಸೇರಿದ ಏಜೆಂಟ್ ಅಲ್ಲಿನ ಕೆಲಸದ ಸರದಿಯನ್ನು ನೋಡಿಕೊಳ್ಳುತ್ತದೆ. ಯಾವ ಆರ್ಡರ್‌ಗೆ ಯಾವ ಕಪಾಟು, ಯಾವ ಕಪಾಟಿಗೆ ಯಾವ ರೋಬಾಟ್ ಎಂಬುದನ್ನು ಹಂಚುವುದು ಕೆಲಸ ನಿರ್ವಾಹಕ ಎಂಬ ಒಂದೇ ಏಜೆಂಟ್. ಅಂದರೆ ಈ ಕ್ಷೇತ್ರದ ಅತ್ಯಂತ ಯಶಸ್ವಿ ಉದಾಹರಣೆಯಲ್ಲಿಯೂ ಮಧ್ಯದಲ್ಲಿ ಒಬ್ಬ ಯಜಮಾನ ಇದ್ದಾನೆ. ಸ್ಥಳೀಯ ತೀರ್ಮಾನಗಳನ್ನು ಹಂಚಿ, ಒಟ್ಟಾರೆ ಹಂಚಿಕೆಯನ್ನು ಕೇಂದ್ರದಲ್ಲೇ ಉಳಿಸಿಕೊಂಡ ಈ ಮಿಶ್ರ ರಚನೆ ಅನಂತರದ ಬಹುಪಾಲು ಉಗ್ರಾಣ ವ್ಯವಸ್ಥೆಗಳಲ್ಲಿಯೂ ಕಾಣುತ್ತದೆ. ಅಮೆಜಾನ್ 2012ರಲ್ಲಿ ಕೀವಾವನ್ನು 77.5 ಕೋಟಿ ಡಾಲರ್‌ಗೆ ಕೊಂಡಿತು. ತನ್ನ ಉಗ್ರಾಣಗಳ ರೋಬಾಟ್‌ಗಳ ಸಂಖ್ಯೆ 10 ಲಕ್ಷ ಮುಟ್ಟಿದೆಯೆಂದು ಅದು 2025ರ ಮಧ್ಯಭಾಗದಲ್ಲಿ ಪ್ರಕಟಿಸಿತು. ಅದೇ ಹೊತ್ತಿಗೆ ಇಡೀ ಹಿಂಡಿನ ಚಲನೆಯನ್ನು ಒಟ್ಟಾಗಿ ಹೊಂದಿಸುವ ಡೀಪ್‌ಫ್ಲೀಟ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯನ್ನೂ ಪರಿಚಯಿಸಿತು.

ಸಾಗಣೆಯಲ್ಲಿ ಮಜೆಂಟಾ ಟೆಕ್ನಾಲಜಿ ಎಂಬ ಕಂಪನಿ ತೈಲ ಹಡಗುಗಳ ಒಕ್ಕೂಟವಾದ ಟ್ಯಾಂಕರ್ಸ್ ಇಂಟರ್‌ನ್ಯಾಷನಲ್‌ಗೆ ಮತ್ತು ಲಂಡನ್ನಿನ ಟ್ಯಾಕ್ಸಿ ಕಂಪನಿಯೊಂದಕ್ಕೆ ವೇಳಾಪಟ್ಟಿ ತಂತ್ರಾಂಶ ಒದಗಿಸಿತು. ಅದರಲ್ಲಿ ಪ್ರತಿ ಸರಕು ಅಥವಾ ಪ್ರಯಾಣಿಕನ ಕೋರಿಕೆಗೆ ಒಂದು ಏಜೆಂಟ್, ಪ್ರತಿ ವಾಹನಕ್ಕೆ ಒಂದು ಏಜೆಂಟ್. ಹೊಸ ಕೋರಿಕೆ ಬಂದಾಗ ವೇಳಾಪಟ್ಟಿಯನ್ನು ಮೊದಲಿನಿಂದ ಲೆಕ್ಕ ಹಾಕದೆ, ಬಾಧಿತವಾದ ಏಜೆಂಟ್‌ಗಳು ಮಾತ್ರ ಮರುಚೌಕಾಸಿ ನಡೆಸುತ್ತಿದ್ದವು.

ವಿದ್ಯುತ್ ಜಾಲ

ವಿದ್ಯುತ್ ಕ್ಷೇತ್ರದ ಆರಂಭಿಕ ಪ್ರಯೋಗ ಯೂರೋಪಿನ ಆರ್ಕಾನ್ ಯೋಜನೆ. 1990ರ ದಶಕದಲ್ಲಿ ಉತ್ತರ ಸ್ಪೇನಿನ ಇಬರ್‌ಡ್ರೋಲಾ ಕಂಪನಿಯ ನಿಯಂತ್ರಣ ಕೊಠಡಿಗಾಗಿ ಆಗಲೇ ಇದ್ದ ತಜ್ಞ ತಂತ್ರಾಂಶಗಳಿಗೆ ಏಜೆಂಟ್‌ನ ಹೊದಿಕೆ ಕೊಟ್ಟು ಜೋಡಿಸಲಾಯಿತು. ಎಚ್ಚರಿಕೆ ಸಂಕೇತಗಳನ್ನು ವಿಶ್ಲೇಷಿಸುವುದು, ಕತ್ತಲಾದ ಪ್ರದೇಶವನ್ನು ಗುರುತಿಸುವುದು, ಮತ್ತೆ ಪೂರೈಕೆ ಕೊಡುವ ಯೋಜನೆ ಹಾಕುವುದು ಬೇರೆ ಬೇರೆ ಏಜೆಂಟ್‌ಗಳ ಕೆಲಸ. ಒಂದರ ತೀರ್ಮಾನ ಇನ್ನೊಂದರ ಹುಡುಕಾಟದ ವ್ಯಾಪ್ತಿಯನ್ನು ಕುಗ್ಗಿಸುತ್ತಿತ್ತು.

ಸೌರಫಲಕ, ಬ್ಯಾಟರಿ, ಹೀಟ್ ಪಂಪ್, ವಿದ್ಯುತ್ ವಾಹನಗಳು ಮನೆಮನೆಗೆ ಬಂದಂತೆ ಸಮಸ್ಯೆಯ ರೂಪ ಬದಲಾಯಿತು. ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ಪವರ್‌ಮ್ಯಾಚರ್ ಇದಕ್ಕೆ ಮಾರುಕಟ್ಟೆಯ ಪರಿಹಾರ ಹುಡುಕಿತು. ಪ್ರತಿ ಉಪಕರಣದ ಏಜೆಂಟ್ ಯಾವ ಬೆಲೆಗೆ ಎಷ್ಟು ವಿದ್ಯುತ್ ಕೊಳ್ಳಲು ಅಥವಾ ಮಾರಲು ಸಿದ್ಧವೆಂಬ ರೇಖೆಯನ್ನು ಕಳಿಸುತ್ತದೆ. ತುಂಬ ತಣ್ಣಗಾಗಿರುವ ಫ್ರಿಜ್ ಕಡಿಮೆ ಬೆಲೆ ಬರುವವರೆಗೂ ಕಾಯಬಲ್ಲದು. ಒಳಗಿನ ಉಷ್ಣತೆ ಏರಿದಂತೆ ಯಾವ ಬೆಲೆಗಾದರೂ ಕೊಳ್ಳಲು ಮುಂದಾಗುತ್ತದೆ. ನಡುವಿನ ಸಂಗ್ರಾಹಕ ಏಜೆಂಟ್‌ಗಳು ರೇಖೆಗಳನ್ನು ಕೂಡಿಸುತ್ತವೆ, ಹರಾಜುದಾರ ಏಜೆಂಟ್ ಬೇಡಿಕೆ-ಪೂರೈಕೆ ಸರಿಹೊಂದುವ ಬೆಲೆ ಕಂಡುಹಿಡಿದು ಎಲ್ಲರಿಗೂ ತಿಳಿಸುತ್ತದೆ. ಮನೆಯಿಂದ ಹೊರಗೆ ಹೋಗುವುದು ಈ ರೇಖೆ ಮಾತ್ರ. ಯಾವ ಉಪಕರಣ ಯಾವಾಗ ನಡೆಯಿತೆಂಬ ವಿವರ ಮನೆಯಲ್ಲೇ ಉಳಿಯುತ್ತದೆ. ಖ್ರೋನಿಂಗನ್ ನಗರದ ಹೋಖ್‌ಕರ್ಕ್ ಬಡಾವಣೆಯ 25 ಮನೆಗಳಲ್ಲಿ ಇದರ ಪ್ರಯೋಗ ನಡೆಯಿತು. ಅಧಿಕಾರ ನಿಜವಾಗಿಯೂ ಬೇರೆ ಬೇರೆ ಮಾಲೀಕರ ಕೈಯಲ್ಲಿರುವ ಕ್ಷೇತ್ರವಾದ್ದರಿಂದ ಬಹು-ಏಜೆಂಟ್ ವಿಧಾನಕ್ಕೆ ಇಲ್ಲಿ ಕಾರ್ಖಾನೆಗಿಂತ ಗಟ್ಟಿಯಾದ ಸಮರ್ಥನೆ ಇದೆ.

ಸಂಚಾರ

ಸಿಡ್ನಿ ವಿಮಾನ ನಿಲ್ದಾಣಕ್ಕಾಗಿ 1990ರ ದಶಕದಲ್ಲಿ ರೂಪಿಸಿದ ಒಯಸಿಸ್ ವ್ಯವಸ್ಥೆಯಲ್ಲಿ ಇಳಿಯಲು ಬರುವ ಪ್ರತಿ ವಿಮಾನಕ್ಕೂ ಒಂದು ಏಜೆಂಟ್ ಇದ್ದು, ಇಳಿಯುವ ಸರದಿಯನ್ನು ನಿರ್ಧರಿಸುವ ಏಜೆಂಟ್ ಬೇರೆಯೇ ಇತ್ತು. ನಂಬಿಕೆ-ಬಯಕೆ-ಸಂಕಲ್ಪ ಮಾದರಿಯ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಇದೂ ಒಂದು. ಬಾಹ್ಯಾಕಾಶ ಕ್ಷೇತ್ರದಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಡತಗಳನ್ನು ಕಳಿಸಿ ತರಿಸುವ ಹ್ಯೂಸ್ಟನ್ ನಿಯಂತ್ರಣ ಕೇಂದ್ರದ ಕೆಲಸವನ್ನು ನಾಸಾ 2008ರಿಂದ ಏಜೆಂಟ್ ವ್ಯವಸ್ಥೆಯೊಂದಕ್ಕೆ ವಹಿಸಿತು.

ರಸ್ತೆ ಸಿಗ್ನಲ್‌ಗಳಲ್ಲಿ ಚೆನ್ನಾಗಿ ದಾಖಲಾದ ಅನ್ವಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಟೀಫನ್ ಸ್ಮಿತ್ ತಂಡದ ಸರ್‌ಟ್ರ್ಯಾಕ್. 2012ರಲ್ಲಿ ಪಿಟ್ಸ್‌ಬರ್ಗ್‌ನ ಈಸ್ಟ್ ಲಿಬರ್ಟಿ ಪ್ರದೇಶದ 9 ವೃತ್ತಗಳಲ್ಲಿ ಇದನ್ನು ಅಳವಡಿಸಲಾಯಿತು. ಪ್ರತಿ ವೃತ್ತದ ಏಜೆಂಟ್ ತನ್ನತ್ತ ಬರುತ್ತಿರುವ ವಾಹನಗಳನ್ನು ಗಮನಿಸಿ ಹಸಿರು ದೀಪದ ಯೋಜನೆಯನ್ನು ಸ್ವತಃ ಹಾಕಿಕೊಳ್ಳುತ್ತದೆ. ಆ ಯೋಜನೆಯಂತೆ ಮುಂದಿನ ವೃತ್ತಕ್ಕೆ ಎಷ್ಟು ವಾಹನ ಯಾವಾಗ ತಲುಪಬಹುದೆಂದು ನೆರೆಯ ಏಜೆಂಟ್‌ಗೆ ತಿಳಿಸುತ್ತದೆ. ಪ್ರಯಾಣದ ಸಮಯ ಸರಾಸರಿ ಶೇ. 25ರಷ್ಟು ತಗ್ಗಿತೆಂದು ಆ ಪ್ರಯೋಗದ ವರದಿ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಶಲಭ್ ಭಟ್ನಾಗರ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ವೃತ್ತವೂ ಒಂದು ಕಲಿಯುವ ಏಜೆಂಟ್. ಅದು ನೆರೆಯ ವೃತ್ತಗಳಿಂದ ಬರುವ ದಟ್ಟಣೆಯ ಮಾಹಿತಿಯನ್ನೂ ತಾನು ತಗ್ಗಿಸಬೇಕಾದ ವೆಚ್ಚದ ಲೆಕ್ಕದಲ್ಲಿ ಸೇರಿಸಿಕೊಂಡು ಕಲಿಯುತ್ತದೆ. ಇದರ ಪರೀಕ್ಷೆ ನಡೆದದ್ದು ಅನುಕರಣೆಯಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ಈಚೆಗೆ ಬಂದಿರುವ, ಸಿ-ಡ್ಯಾಕ್ ರೂಪಿಸಿದ ಹೊಂದಿಕೆಯ ಸಿಗ್ನಲ್‌ಗಳು ದಟ್ಟಣೆಗೆ ತಕ್ಕಂತೆ ಸಮಯ ಬದಲಿಸುತ್ತವೆ. ಆದರೆ ಸಮಯ ಬದಲಿಸುವ ಎಲ್ಲ ಸಿಗ್ನಲ್ ವ್ಯವಸ್ಥೆಗಳನ್ನೂ ಬಹು-ಏಜೆಂಟ್ ಎಂದು ಎಣಿಸಲಾಗದು.

ಭದ್ರತೆ ಮತ್ತು ವನ್ಯಜೀವಿ ರಕ್ಷಣೆ

ಕಾವಲು ಪಡೆಯ ಬಳಿ ಸಿಬ್ಬಂದಿ ಕಡಿಮೆ, ಕಾಯಬೇಕಾದ ಜಾಗ ಹೆಚ್ಚು. ಗಸ್ತು ಪ್ರತಿದಿನ ಒಂದೇ ರೀತಿ ನಡೆದರೆ ಎದುರಾಳಿ ಅದನ್ನು ಗಮನಿಸಿ ಸಮಯ ಸಾಧಿಸುತ್ತಾನೆ. ಮನುಷ್ಯರಿಗೆ ಗೊತ್ತುಗುರಿಯಿಲ್ಲದ ಸರದಿಯನ್ನು ತಾವಾಗಿ ರೂಪಿಸುವುದು ಸುಲಭವಲ್ಲ; ಎಷ್ಟೇ ಎಚ್ಚರ ವಹಿಸಿದರೂ ಒಂದು ಮಾದರಿ ಮೂಡಿಬಿಡುತ್ತದೆ. ಇದಕ್ಕೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಿಲಿಂದ್ ತಾಂಬೆ ತಂಡ ಸ್ಟಾಕಲ್‌ಬರ್ಗ್ ಆಟದ ಮಾದರಿಯನ್ನು ಬಳಸಿತು. ರಕ್ಷಕ ಮೊದಲು ತನ್ನ ನೀತಿಯನ್ನು ನಿಶ್ಚಯಿಸುತ್ತಾನೆ, ಆಕ್ರಮಣಕಾರ ಅದನ್ನು ನೋಡಿ ತನಗೆ ಅನುಕೂಲವಾದುದನ್ನು ಆರಿಸುತ್ತಾನೆ ಎಂಬುದು ಈ ಆಟದ ನಿಯಮ. ಎದುರಾಳಿ ನೋಡುತ್ತಾನೆಂದು ತಿಳಿದೇ ಹೆಣೆದ ನೀತಿ ಇದಾದ್ದರಿಂದ, ಮುಖ್ಯ ಸ್ಥಳಗಳಿಗೆ ಹೆಚ್ಚು ತೂಕ ಕೊಟ್ಟು ಉಳಿದದ್ದನ್ನು ಲೆಕ್ಕಾಚಾರದ ಯಾದೃಚ್ಛಿಕತೆಗೆ ಬಿಡಲಾಗುತ್ತದೆ.

2007ರ ಆಗಸ್ಟ್‌ನಿಂದ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಆರ್ಮರ್ ಎಂಬ ತಂತ್ರಾಂಶ ರಸ್ತೆ ತಪಾಸಣಾ ಠಾಣೆಗಳ ಮತ್ತು ಶ್ವಾನದಳದ ಸರದಿ ಹಾಕತೊಡಗಿತು. 2009ರಲ್ಲಿ ಅಮೆರಿಕದ ವಿಮಾನಗಳ ಶಸ್ತ್ರಧಾರಿ ಮಾರ್ಷಲ್‌ಗಳಿಗಾಗಿ ಐರಿಸ್ ಬಂದಿತು. 2011ರಲ್ಲಿ ಬಾಸ್ಟನ್ ಬಂದರಿನ ಕರಾವಳಿ ಕಾವಲು ಪಡೆಗಾಗಿ ಪ್ರೊಟೆಕ್ಟ್. ಕೊನೆಯದರಲ್ಲಿ ಆಕ್ರಮಣಕಾರ ಯಾವಾಗಲೂ ಪರಿಪೂರ್ಣ ಲೆಕ್ಕಾಚಾರ ಮಾಡುತ್ತಾನೆಂಬ ಊಹೆಯನ್ನು ಬಿಟ್ಟು, ತಪ್ಪು ಮಾಡುವ ಮನುಷ್ಯನ ಮಾದರಿಯನ್ನು ತೆಗೆದುಕೊಳ್ಳಲಾಯಿತು.

ಇದೇ ವಿಧಾನ ಬೇಟೆ ತಡೆಯುವ ಕೆಲಸಕ್ಕೆ ಪಾಸ್ ಎಂಬ ಹೆಸರಿನಲ್ಲಿ ಹೋಯಿತು. ಮೊದಲು ಉಗಾಂಡಾದ ಕ್ವೀನ್ ಎಲಿಜಬೆತ್ ರಾಷ್ಟ್ರೀಯ ಉದ್ಯಾನದಲ್ಲಿ, ಅನಂತರ ಮಲೇಷ್ಯಾದ ಕಾಡುಗಳಲ್ಲಿ ಪರೀಕ್ಷೆಯಾಯಿತು. ಕಾಡನ್ನು ಸಮತಟ್ಟಾದ ಚೌಕಗಳಾಗಿ ವಿಂಗಡಿಸಿದ್ದ ಮೊದಲ ಆವೃತ್ತಿ ಸೂಚಿಸುತ್ತಿದ್ದ ದಾರಿಗಳಲ್ಲಿ ಗಸ್ತಿನವರು ನಡೆಯುವುದೇ ಕಷ್ಟವಾಯಿತು. ಗುಡ್ಡದ ನೆತ್ತಿಯ ಏಣುಗಳು, ಹೊಳೆಗಳು, ಹಳೆಯ ಜಾಡುಗಳು ಇವನ್ನು ದಾರಿಗಳ ಜಾಲವಾಗಿ ಸೇರಿಸಿದ ಮೇಲೆ ಯೋಜನೆ ಬಳಕೆಗೆ ಬಂದಿತು. ಬಹು-ಏಜೆಂಟ್ ಸಿದ್ಧಾಂತ ಕ್ಷೇತ್ರಕ್ಕಿಳಿದಾಗ ಆಗಬೇಕಾದ ತಿದ್ದುಪಡಿಗೆ ಇದು ಸ್ಪಷ್ಟ ನಿದರ್ಶನ: ಮುಖ್ಯವಾಗಿ ಬದಲಾದದ್ದು ನೆಲದ ಚಿತ್ರಣ. ಭದ್ರತೆಯ ಈ ವ್ಯವಸ್ಥೆಗಳಲ್ಲಿ ಒಬ್ಬ ಆಟಗಾರ, ಅಂದರೆ ಆಕ್ರಮಣಕಾರ, ತಂತ್ರಾಂಶದ ಒಳಗೆ ಮಾದರಿಯಾಗಿ ಮಾತ್ರ ಇರುತ್ತಾನೆಂಬುದನ್ನು ಗಮನಿಸಬೇಕು.

ಹಣಕಾಸು ಮಾರುಕಟ್ಟೆ

ಷೇರು ಮತ್ತು ಸರಕು ವಿನಿಮಯ ಕೇಂದ್ರಗಳಲ್ಲಿ ವ್ಯವಹರಿಸುವ ಸ್ವಯಂಚಾಲಿತ ತಂತ್ರಾಂಶಗಳನ್ನು ಯಾರೂ ಒಂದು ವ್ಯವಸ್ಥೆಯಾಗಿ ವಿನ್ಯಾಸಗೊಳಿಸಲಿಲ್ಲ. ಬಿಡಿಬಿಡಿಯಾಗಿ ಬಂದು ಸೇರಿ ಅವು ಒಂದು ಬಹು-ಏಜೆಂಟ್ ವ್ಯವಸ್ಥೆಯಾದವು. 2001ರಲ್ಲಿ ಐಬಿಎಂ ಸಂಶೋಧಕರು ಪ್ರಯೋಗಾಲಯದ ಹರಾಜಿನಲ್ಲಿ ತಂತ್ರಾಂಶ ಏಜೆಂಟ್‌ಗಳು ಮನುಷ್ಯರಿಗಿಂತ ಹೆಚ್ಚು ಲಾಭ ಗಳಿಸುವುದನ್ನು ತೋರಿಸಿದ್ದರು.

ಇಂಥ ಕೂಟದ ಅಪಾಯ 2010ರ ಮೇ 6ರಂದು ಬಯಲಾಯಿತು. ಅಂದು ಮಧ್ಯಾಹ್ನ ಡೌ ಜೋನ್ಸ್ ಸೂಚ್ಯಂಕ ಕೆಲವೇ ನಿಮಿಷಗಳಲ್ಲಿ ತೀವ್ರವಾಗಿ ಜಾರಿ, ದಿನದ ಒಟ್ಟು ಕುಸಿತ ಒಂದು ಹಂತದಲ್ಲಿ ಸುಮಾರು 1000 ಅಂಶ ಮುಟ್ಟಿತು. ಬೇಗನೆ ಬಹುಪಾಲು ಮೇಲೆದ್ದಿತು. ಅಮೆರಿಕದ ಎರಡು ನಿಯಂತ್ರಣ ಸಂಸ್ಥೆಗಳ ಜಂಟಿ ವರದಿಯ ಪ್ರಕಾರ, ಒಂದು ನಿಧಿಯ ಸ್ವಯಂಚಾಲಿತ ತಂತ್ರಾಂಶ ಬೆಲೆಯನ್ನೂ ಸಮಯವನ್ನೂ ನೋಡದೆ ಸುಮಾರು 410 ಕೋಟಿ ಡಾಲರ್ ಮೌಲ್ಯದ 75,000 ಫ್ಯೂಚರ್ಸ್ ಕರಾರುಗಳನ್ನು ಮಾರತೊಡಗಿತ್ತು. ವೇಗದ ವಹಿವಾಟಿನ ಏಜೆಂಟ್‌ಗಳು ಅವನ್ನು ತಮ್ಮತಮ್ಮಲ್ಲೇ ಕೈಯಿಂದ ಕೈಗೆ ದಾಟಿಸಿದವು. 14 ಸೆಕೆಂಡುಗಳಲ್ಲಿ 27,000ಕ್ಕೂ ಹೆಚ್ಚು ಕರಾರುಗಳು ಅವುಗಳ ನಡುವೆ ಓಡಾಡಿದರೂ ನಿವ್ವಳ ಖರೀದಿ ಸುಮಾರು 200 ಮಾತ್ರ. ವಿನಿಮಯ ಕೇಂದ್ರದ ತಡೆವ್ಯವಸ್ಥೆ ವಹಿವಾಟನ್ನು 5 ಸೆಕೆಂಡು ನಿಲ್ಲಿಸಿದ ಮೇಲೆ ಬೆಲೆ ಸ್ಥಿರವಾಯಿತು. ಪ್ರತಿ ಏಜೆಂಟ್ ತನ್ನ ನಿಯಮದಂತೆ ಸರಿಯಾಗಿಯೇ ನಡೆದಿತ್ತು. ಒಟ್ಟು ಫಲಿತಾಂಶ ಯಾರ ನಿಯಮದಲ್ಲಿಯೂ ಬರೆದಿರಲಿಲ್ಲ.

ಅನುಕರಣೆ

ಅನುಕರಣೆಯ ಪರಂಪರೆ ಸಮಾಜವಿಜ್ಞಾನದಲ್ಲಿ ಆರಂಭವಾಯಿತು. ನೆರೆಯವರ ಬಗ್ಗೆ ಅಲ್ಪಸ್ವಲ್ಪ ಒಲವು-ಅಸಮಾಧಾನವಿದ್ದರೂ ಸಾಕು, ಇಡೀ ಊರು ಜನಾಂಗವಾರು ಕೇರಿಗಳಾಗಿ ಒಡೆಯಬಹುದೆಂದು ಥಾಮಸ್ ಶೆಲ್ಲಿಂಗ್ 1971ರಲ್ಲಿ ತೋರಿಸಿದರು. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಮೂರೇ ನಿಯಮಗಳಿಂದ ಹಕ್ಕಿಗಳ ಹಾರಾಟವನ್ನು ಗಣಕದಲ್ಲಿ ಮೂಡಿಸಿದರು: ತೀರ ಹತ್ತಿರ ಹೋಗಬೇಡ, ನೆರೆಯವರ ದಿಕ್ಕಿಗೆ ಹೊಂದಿಕೋ, ಗುಂಪಿನ ನಡುವಿನತ್ತ ಸರಿ. ಸ್ಟೀಫನ್ ರೆಜಲಸ್ ಬರೆದ ಮ್ಯಾಸಿವ್ ತಂತ್ರಾಂಶ 'ಲಾರ್ಡ್ ಆಫ್ ದ ರಿಂಗ್ಸ್' ಚಿತ್ರಗಳ ಯುದ್ಧದೃಶ್ಯಗಳಲ್ಲಿ ಸಾವಿರಾರು ಸೈನಿಕರಿಗೆ ಒಬ್ಬೊಬ್ಬರಿಗೂ ಬೇರೆ ತೀರ್ಮಾನಶಕ್ತಿ ಕೊಟ್ಟಿತು.

ಕೋವಿಡ್ ಸಮಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ 2020ರಲ್ಲಿ ಬೆಂಗಳೂರು ಮತ್ತು ಮುಂಬಯಿ ನಗರಗಳ ಏಜೆಂಟ್ ಆಧಾರಿತ ಅನುಕರಣೆಯನ್ನು ಸಿದ್ಧಪಡಿಸಿತು. ಪ್ರತಿ ನಗರಕ್ಕೂ ಒಂದು ಕೋಟಿಗೂ ಮಿಕ್ಕಿದ ಕಲ್ಪಿತ ನಾಗರಿಕರನ್ನು ಸೃಷ್ಟಿಸಿ, ಜನಗಣತಿಯ ಅಂಕಿಅಂಶಗಳಿಗೆ ಹೊಂದುವಂತೆ ಮನೆ, ಶಾಲೆ, ಕಚೇರಿ ಮತ್ತು ನೆರೆಹೊರೆಗೆ ಹಂಚಲಾಯಿತು. ಸೋಂಕು ಈ ಸಂಪರ್ಕಗಳ ಮೂಲಕ ಹರಡುವಂತೆ ಮಾಡಿ, ಲಾಕ್‌ಡೌನ್, ವಾರ್ಡ್ ಸೀಲ್‌ಡೌನ್, ಕಚೇರಿಗಳಿಗೆ ಭಾಗಶಃ ಹಾಜರಿ, ಮುಂಬಯಿಯ ಲೋಕಲ್ ರೈಲುಗಳ ಮರುಆರಂಭ ಇವುಗಳ ಪರಿಣಾಮವನ್ನು ಹೋಲಿಸಲಾಯಿತು. ಸಮೀಕರಣಗಳ ಮಾದರಿ ಇಡೀ ನಗರಕ್ಕೆ ಒಂದು ಸರಾಸರಿ ಕೊಡುತ್ತದೆ. ಯಾವ ವಾರ್ಡ್ ಮುಚ್ಚಬೇಕೆಂಬ ಪ್ರಶ್ನೆಗೆ ಉತ್ತರಿಸಲು ವ್ಯಕ್ತಿಗಳ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಊಹೆಗಳ ಸಂಖ್ಯೆಯೂ ಅಷ್ಟೇ ಹೆಚ್ಚುವುದರಿಂದ ಇಂಥ ಮಾದರಿಯ ಅಂಕಿಗಳನ್ನು ಭವಿಷ್ಯವಾಣಿಯಾಗಿ ಓದುವುದಕ್ಕಿಂತ ಕ್ರಮಗಳ ನಡುವಿನ ಹೋಲಿಕೆಗೆ ಬಳಸುವುದು ಹೆಚ್ಚು ಭದ್ರ.

ರೋಬಾಟ್ ಹಿಂಡು ಮತ್ತು ರಕ್ಷಣೆ

1997ರಲ್ಲಿ ಜಪಾನಿನ ನಗೋಯಾದಲ್ಲಿ ಶುರುವಾದ ರೋಬೋಕಪ್ ಫುಟ್‌ಬಾಲ್ ಪಂದ್ಯಾವಳಿ ಈ ಶಾಖೆಯ ಪರೀಕ್ಷಾಂಗಣ. 2014ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲೋಬಾಟ್ ಎಂಬ 1024 ಪುಟ್ಟ ರೋಬಾಟ್‌ಗಳು ನೆರೆಯವರೊಂದಿಗಿನ ಸಂಕೇತಗಳಿಂದಲೇ ನಕ್ಷತ್ರದಂಥ ಆಕಾರಗಳನ್ನು ರಚಿಸಿದವು. ಅಮೆರಿಕದ ರಕ್ಷಣಾ ಇಲಾಖೆ 2016ರಲ್ಲಿ ಯುದ್ಧವಿಮಾನಗಳಿಂದ 103 ಪರ್ಡಿಕ್ಸ್ ಡ್ರೋನ್‌ಗಳನ್ನು ಬಿಟ್ಟು ಹಿಂಡಿನ ನಡೆಯನ್ನು ಪರೀಕ್ಷಿಸಿತು. ಭಾರತೀಯ ಭೂಸೇನೆ 2021ರ ಜನವರಿ 15ರ ಸೇನಾ ದಿನದಂದು 75 ಡ್ರೋನ್‌ಗಳ ಹಿಂಡನ್ನು ಪ್ರದರ್ಶಿಸಿತು. ಈ ತಂತ್ರಜ್ಞಾನದಲ್ಲಿ ಬೆಂಗಳೂರಿನ ನ್ಯೂಸ್ಪೇಸ್ ರಿಸರ್ಚ್ ಕಂಪನಿಯ ಪಾಲಿದೆ. ಉತ್ಸವಗಳ ಡ್ರೋನ್ ದೀಪಪ್ರದರ್ಶನಗಳನ್ನು ಇವುಗಳೊಂದಿಗೆ ಬೆರೆಸಬಾರದು. ಅವುಗಳಲ್ಲಿ ಸಾಮಾನ್ಯವಾಗಿ ಪ್ರತಿ ಡ್ರೋನಿನ ಪಥವನ್ನೂ ನೆಲದ ಗಣಕ ಮೊದಲೇ ಲೆಕ್ಕ ಹಾಕಿಟ್ಟಿರುತ್ತದೆ.

ಇಂದಿನ ಸ್ಥಿತಿ

2019ರಲ್ಲಿ ಡೀಪ್‌ಮೈಂಡ್‌ನ ಆಲ್ಫಾಸ್ಟಾರ್ ತನ್ನದೇ ಹಲವು ಆವೃತ್ತಿಗಳ ಲೀಗ್‌ನಲ್ಲಿ ಆಡಿ ಕಲಿತು ಸ್ಟಾರ್‌ಕ್ರಾಫ್ಟ್-2 ಆಟದ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟಿತು. 2022ರಲ್ಲಿ ಮೆಟಾದ ಸಿಸೆರೊ ಮನುಷ್ಯರೊಡನೆ ಮಾತಾಡಿ, ಒಪ್ಪಂದ ಮಾಡಿಕೊಂಡು ಡಿಪ್ಲೊಮೆಸಿ ಆಟವನ್ನು ಆಡಿತು. ಅಲ್ಲಿಂದಾಚೆಗೆ ಈ ಶಾಖೆಯ ಗಮನ ಬಹುಮಟ್ಟಿಗೆ ದೊಡ್ಡ ಭಾಷಾ ಮಾದರಿಗಳತ್ತ ಹೊರಳಿದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 25 ಏಜೆಂಟ್‌ಗಳಿರುವ ಕಲ್ಪಿತ ಊರೊಂದನ್ನು ಕಟ್ಟಿದರು. ಅದೇ ವರ್ಷ ಮೈಕ್ರೋಸಾಫ್ಟ್‌ನ ಆಟೋಜೆನ್ ಚೌಕಟ್ಟು ಬಂದಿತು. ತಂತ್ರಾಂಶ ಬರೆಯುವುದು, ಮಾಹಿತಿ ಹುಡುಕಿ ವರದಿ ಸಿದ್ಧಪಡಿಸುವುದು, ಗ್ರಾಹಕ ಸೇವೆ ಇವು ಸದ್ಯದ ಮುಖ್ಯ ಬಳಕೆಗಳು. ಒಂದು ಏಜೆಂಟ್ ಯೋಜಿಸುತ್ತದೆ, ಕೆಲವು ಕೆಲಸ ಮಾಡುತ್ತವೆ, ಇನ್ನೊಂದು ಪರಿಶೀಲಿಸುತ್ತದೆ.

ಈ ಹೊಸ ಏಜೆಂಟ್‌ಗಳು ಸಾಮಾನ್ಯ ಭಾಷೆಯಲ್ಲಿ ಮಾತಾಡುವುದರಿಂದ ಸಂದೇಶದ ಅರ್ಥ ಫಿಪಾ ಕಾಲದಷ್ಟು ಬಿಗಿಯಾಗಿಲ್ಲ. ವೆಚ್ಚವೂ ಹೆಚ್ಚು: ತನ್ನ ಬಹು-ಏಜೆಂಟ್ ಸಂಶೋಧನಾ ವ್ಯವಸ್ಥೆ ಸಾಮಾನ್ಯ ಸಂಭಾಷಣೆಯ ಸುಮಾರು 15 ಪಟ್ಟು ಟೋಕನ್‌ಗಳನ್ನು, ಅಂದರೆ ಭಾಷಾ ಮಾದರಿ ಎಣಿಸುವ ಪಠ್ಯದ ತುಣುಕುಗಳನ್ನು, ಬಳಸುತ್ತದೆಂದು ಆಂಥ್ರೊಪಿಕ್ ಕಂಪನಿ 2025ರಲ್ಲಿ ಪ್ರಕಟಿಸಿತು. ಅದೇ ವರ್ಷ ಬರ್ಕ್ಲಿಯ ಸಂಶೋಧಕರು ಇಂಥ ವ್ಯವಸ್ಥೆಗಳು ಸೋಲುವ 14 ಬಗೆಗಳನ್ನು ಪಟ್ಟಿ ಮಾಡಿದರು. ಕೆಲಸದ ವಿವರಣೆ ಸರಿಯಿಲ್ಲದಿರುವುದು, ಏಜೆಂಟ್‌ಗಳ ನಡುವೆ ತಾಳ ತಪ್ಪುವುದು, ಕೆಲಸ ಮುಗಿಯಿತೇ ಎಂದು ಪರಿಶೀಲಿಸದಿರುವುದು ಎಂಬ ಮೂರು ಗುಂಪುಗಳಲ್ಲಿ ಅವು ಬರುತ್ತವೆ. ಒಂದೇ ಮಾಲೀಕನ ಒಂದೇ ಮಾದರಿಯನ್ನು ಹಲವು ಪಾತ್ರಗಳಾಗಿ ಒಡೆದ ಎಷ್ಟೋ ಕಡೆ, ಒಂಟಿ ಏಜೆಂಟ್ ಕಡಿಮೆ ಖರ್ಚಿನಲ್ಲಿ ಅದೇ ಕೆಲಸ ಮುಗಿಸಬಲ್ಲದು.

ಬೇರೆ ಬೇರೆ ಸಂಸ್ಥೆಗಳ ಏಜೆಂಟ್‌ಗಳು ಸಂಧಿಸುವಾಗ ಪರಿಸ್ಥಿತಿ ಬೇರೆ. ಇಂಥ ಭೇಟಿಗಾಗಿ ಗೂಗಲ್ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಎ2ಎ ಮಾನಕ ಈಗ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಅದರಲ್ಲಿ ಪ್ರತಿ ಏಜೆಂಟ್ ತಾನು ಮಾಡಬಲ್ಲ ಕೆಲಸಗಳ ಪರಿಚಯಪತ್ರವನ್ನು ಪ್ರಕಟಿಸುತ್ತದೆ. ಫಿಪಾ ಮಾನಕದ ಸೇವಾ ಸೂಚಿಯೂ ಇದೇ ಕೆಲಸಕ್ಕಿತ್ತು. ಪರಿಚಯಪತ್ರದಲ್ಲಿ ಹೇಳಿಕೊಂಡದ್ದು ನಿಜವೇ ಎಂಬುದನ್ನು ಪರೀಕ್ಷಿಸುವುದು ಮತ್ತು ಎರಡು ಕಂಪನಿಗಳ ಏಜೆಂಟ್‌ಗಳು ಮಾಡಿಕೊಂಡ ಒಪ್ಪಂದ ಮುರಿದಾಗ ಹೊಣೆ ಯಾರದೆಂದು ನಿರ್ಧರಿಸುವುದು ಮಾನಕದ ವ್ಯಾಪ್ತಿಯಿಂದ ಹೊರಗೆ ಉಳಿದಿವೆ.